ಕ್ಯಾನ್ಸರ್ ಆಪರೇಷನ್ ಆದಮೇಲೆ ಹಿರಿಯರು ಬಡಬಡಿಸಿದರೆ ಅದು ಅರಳುಮರಳಲ್ಲ, ಸನ್ನಿ

ಗುರುವಾರ ರಾತ್ರಿ ಎರಡು ಗಂಟೆ ಇರಬಹುದು. ನಮ್ಮ ಕಾಕಾ ಮಂಚದ ಮೇಲೆ ಎದ್ದು ಕೂತಿದ್ದರು. ಮೂಗಿನ ಪೈಪನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು, "ಏಳ್ರೋ, ಮಳಿ ಬಂತು, ಕಣದಾಗ ಮೆಣಸಿನಕಾಯಿ ಹರವೇತಿ, ತಾಡಪತ್ರಿ ತರ್ರಿ" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಅದು ಫೆಬ್ರವರಿ ತಿಂಗಳು. ಹುಬ್ಬಳ್ಳಿಯಲ್ಲಿ ಒಂದು ಹನಿ ಮಳೆ ಇರಲಿಲ್ಲ.

ಕಾಕಾಗೆ 73 ವರ್ಷ. ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಮೆಣಸಿನಕಾಯಿ ಬೆಳೆಯುವವರು. ಮಾತು ಕಡಿಮೆ, ಲೆಕ್ಕ ಪಕ್ಕಾ. ದೊಡ್ಡಕರುಳಿನ ಕೊನೆ ಭಾಗದಲ್ಲಿ ಕ್ಯಾನ್ಸರ್ ಅಂತ ಗೊತ್ತಾಗಿ ಮಂಗಳವಾರ ದೊಡ್ಡ ಆಪರೇಷನ್ ಆಗಿತ್ತು. ಬುಧವಾರ ಚೆನ್ನಾಗಿಯೇ ಇದ್ದರು, ನನ್ನ ಗಾಡಿಗೆ ಪೆಟ್ರೋಲ್ ಎಷ್ಟಾಯಿತು ಅಂತಲೂ ಕೇಳಿದ್ದರು. ಒಂದು ದಿನದಲ್ಲಿ ಈ ಮನುಷ್ಯ ಎಲ್ಲಿ ಹೋದರು ಎಂದು ನಮಗೆ ದಿಕ್ಕೇ ತೋಚಲಿಲ್ಲ.

ಪಕ್ಕದ ಮಂಚದ ಅಜ್ಜಿ "ಗಾಳಿ ಸೋಕೇತಿ ನೋಡ್ರಿ, ಯಾರನ್ನರ ಕರಸ್ರಿ" ಎಂದರು. ಅವರ ಮಗ "ಧಾರವಾಡಕ್ಕ ಒಯ್ರಿ" ಎಂದ. ನಮ್ಮ ಕಡೆ ಧಾರವಾಡಕ್ಕೆ ಒಯ್ಯುವುದು ಅಂದರೆ ಪೇಢಾ ತಿನ್ನಿಸಲಿಕ್ಕಲ್ಲ, ಹುಚ್ಚಾಸ್ಪತ್ರೆಗೆ ಸೇರಿಸಲಿಕ್ಕೆ, ಅದು ಎಲ್ಲರಿಗೂ ಗೊತ್ತು. ಡ್ಯೂಟಿಯಲ್ಲಿದ್ದ ಸಿಸ್ಟರ್ "ವಯಸ್ಸಾಗೇತಲ್ರಿ, ಅನಸ್ತೇಷಿಯಾ ಇನ್ನೂ ಪೂರಾ ಇಳಿದಿಲ್ಲ" ಎಂದರು. ಕಾಕು ಮಾತ್ರ ಸೆರಗು ಬಾಯಿಗೆ ಹಿಡಿದು ನನ್ನನ್ನು ಹೊರಗೆ ಕರೆದು, "ತಮ್ಮಾ, ಕ್ಯಾನ್ಸರ್ ತಲಿಗೇರೇತೇನೋ?" ಎಂದು ಕೇಳಿದರು.

ನಾಲ್ಕು ಜನ, ನಾಲ್ಕು ಕಾರಣ. ನಾಲ್ಕೂ ತಪ್ಪು. ನಾನು ಗದಗದಲ್ಲಿ ಮೆಡಿಕಲ್ ಶಾಪ್ ನಡೆಸುವವನು, 20 ವರ್ಷದಿಂದ ಗುಳಿಗೆಗಳ ನಡುವೆಯೇ ಬದುಕುತ್ತಿದ್ದೇನೆ. ಆದರೂ ಆ ರಾತ್ರಿ ನನಗೂ ಏನೂ ಹೊಳೆಯಲಿಲ್ಲ. ಆಮೇಲೆ ಓದಿದ್ದು, ಡಾಕ್ಟರನ್ನು ಕಾಡಿ ಬೇಡಿ ಕೇಳಿ ತಿಳಿದುಕೊಂಡದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಹಿರಿಯರಿಗೆ ಆಪರೇಷನ್ ಗೊತ್ತಾಗಿದ್ದರೆ ಅದಕ್ಕಿಂತ ಮುಂಚೆಯೇ ಓದಿ. ನನ್ನ ಹಾಗೆ ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದು ಹುಡುಕುವ ಪಾಡು ಬೇಡ.

ಡಾಕ್ಟರುಗಳು ಇದಕ್ಕೆ ಡೆಲಿರಿಯಮ್ ಅನ್ನುತ್ತಾರೆ. ಹೊಸ ಹೆಸರಿನಂತೆ ಕೇಳುತ್ತದೆ, ಆದರೆ ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಜ್ವರ ನೆತ್ತಿಗೇರಿ ಬಡಬಡಿಸುವುದಕ್ಕೆ ಅವರು ಸನ್ನಿ ಅನ್ನುತ್ತಿದ್ದರು. ನಾನು ಆ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ನಾವು ಗೊಂದಲ ಮಾಡಿಕೊಳ್ಳುವುದು ಸನ್ನಿ ಮತ್ತು ಅರಳುಮರಳಿನ ನಡುವೆ. ಅರಳುಮರಳು, ಅಂದರೆ ಮರೆವಿನ ಕಾಯಿಲೆ, ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ. ಸನ್ನಿ ಹಾಗಲ್ಲ. ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಬರುತ್ತದೆ. ದೊಡ್ಡ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಮೊದಲ ಮೂರು ದಿನದಲ್ಲೇ ಕಾಣಿಸಿಕೊಳ್ಳುತ್ತದೆ. ಬಂದ ಹಾಗೇ ಬಹಳ ಸಲ ಹೋಗುತ್ತದೆ ಕೂಡ.

ಇನ್ನೊಂದು ಗುರುತು, ಅದು ಒಂದೇ ಸಮನೆ ಇರುವುದಿಲ್ಲ. ಬೆಳಿಗ್ಗೆ ರೌಂಡ್ಸಿಗೆ ಡಾಕ್ಟರು ಬಂದು "ಹೆಂಗದೀರಿ ಅಜ್ಜಾರ, ನೋವೈತೇನು?" ಎಂದರೆ ಕಾಕಾ ಕೈಮುಗಿದು "ಆರಾಮ ಅದೀನ್ರಿ" ಎಂದುಬಿಟ್ಟರು. ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಅವರ ಬೆನ್ನು ತಿರುಗಿದ ಹತ್ತು ನಿಮಿಷಕ್ಕೆ ಕಾಕಾ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಚಿವುಟಿ ಚಿವುಟಿ ಪಕ್ಕಕ್ಕೆ ಎಸೆಯುತ್ತಿದ್ದರು. ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ನೋಡಿದರೆ, ಅವರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು! ಚಿವುಟು, ಎಸೆ, ಚಿವುಟು, ಎಸೆ. ಹೀಗೆ ಹೊದಿಕೆ ಕೀಳುವುದು, ಗಾಳಿಯಲ್ಲಿ ಏನನ್ನೋ ಹಿಡಿಯುವುದು ಸನ್ನಿಯ ಬಹಳ ಹಳೆಯ ಲಕ್ಷಣವಂತೆ.

ಅಸಲಿಗೆ ಕೆಡುವುದು ನೆನಪಲ್ಲ, ಗಮನ. ಅದಕ್ಕೇ ಡಾಕ್ಟರುಗಳು ವರ್ಷದ ತಿಂಗಳುಗಳನ್ನು ಹಿಂದಿನಿಂದ ಹೇಳಿಸುತ್ತಾರೆ, ತಿಂಗಳು ಬಾರದವರಿಗೆ ವಾರ ಹೇಳಿಸುತ್ತಾರೆ. ಶುಕ್ರವಾರ ಬೆಳಿಗ್ಗೆ ನಾನು ಕಾಕಾಗೆ ಐತವಾರದಿಂದ ಹಿಂದಕ್ಕೆ ಹೇಳ್ರಿ ಎಂದೆ. "ಐತವಾರ, ಶನಿವಾರ, ಶುಕ್ರವಾರ..." ಅಲ್ಲಿಗೆ ನಿಂತರು. ಮತ್ತೆ "ಶುಕ್ರವಾರ". ಸ್ವಲ್ಪ ಹೊತ್ತಾದ ಮೇಲೆ, "ಮಾರ್ಕೆಟ್ ಯಾವತ್ತಪಾ?" ಲಕ್ಷಾಂತರ ರೂಪಾಯಿಯ ಲೆಕ್ಕ ಬಾಯಲ್ಲಿ ಹೇಳುವ ಮನುಷ್ಯ ಇವರು. 1990ರಲ್ಲಿ ಅಮೆರಿಕದ ಡಾ. ಶರೋನ್ ಇನೊಯ್ ಮತ್ತು ಅವರ ಜೊತೆಯವರು ಸನ್ನಿ ಗುರುತಿಸಲು ಒಂದು ಸರಳ ವಿಧಾನ ಮಾಡಿದರು, ಅದು ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ನೋಡುವುದು ನಾಲ್ಕೇ ಸಂಗತಿ. ಒಮ್ಮೆಲೇ ಶುರುವಾಗಿ ಏರಿಳಿಯುತ್ತಿದೆಯೇ, ಗಮನ ನಿಲ್ಲುತ್ತಿಲ್ಲವೇ, ಮಾತು ಎಲ್ಲೆಲ್ಲೋ ಹೋಗುತ್ತಿದೆಯೇ, ಎಚ್ಚರದಲ್ಲಿ ವ್ಯತ್ಯಾಸ ಇದೆಯೇ. ಮೊದಲ ಎರಡು ಇರಲೇಬೇಕು, ಜೊತೆಗೆ ಉಳಿದೆರಡರಲ್ಲಿ ಒಂದು.

ಇಲ್ಲಿ ಒಂದು ಮಾತು ಗಮನಿಸಿ. ಆ ಮೊದಲ ಪ್ರಶ್ನೆಗೆ, ಅಂದರೆ "ನಿನ್ನೆ ಹೀಗಿದ್ದರಾ?" ಎಂಬುದಕ್ಕೆ, ಯಾವ ಡಾಕ್ಟರೂ ತಾವಾಗಿ ಉತ್ತರ ಹೇಳಲಾರರು. ಅವರಿಗೆ ಇವರು ನಾಲ್ಕು ದಿನದ ಪರಿಚಯ. ಉತ್ತರ ಗೊತ್ತಿರುವುದು ಮನೆಯವರಿಗೆ ಮಾತ್ರ. "ನಮ್ಮ ಕಾಕಾ ಹಿಂಗಿಲ್ರೀ, ಬುಧವಾರ ಸರಿ ಇದ್ರು" ಎಂಬ ಒಂದು ವಾಕ್ಯ ಒಂದು ಟೆಸ್ಟಿಗೆ ಸಮ. ನಾವು ಅದನ್ನು ಹೇಳುವ ಬದಲು ಮರ್ಯಾದೆಗೆ ಅಂಜಿ ಮುಚ್ಚಿಟ್ಟುಕೊಂಡು ಕೂತಿದ್ದೆವು.

ಕಾಕಾ ಕೂಗಾಡಿದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಏಕೆಂದರೆ ಸನ್ನಿಗೆ ಇನ್ನೊಂದು ಮುಖ ಇದೆ, ಸುಮ್ಮನೆ ಬಿದ್ದುಕೊಂಡಿರುವುದು. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ. ಊಟ ಬಾಯಿಗಿಟ್ಟರೆ ಅಗಿಯುವುದನ್ನೇ ಮರೆತು ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಎರಡು ಮಾತಿಗೆ ಒಂದು ಹೂಂ. ನೋಡಿದವರು "ಪಾಪ, ಸುಸ್ತಾಗೇತಿ, ಮಲಗಲಿ ಬಿಡ್ರಿ" ಅನ್ನುತ್ತಾರೆ. ಯಾರಿಗೂ ತೊಂದರೆ ಕೊಡದ ಪೇಷಂಟ್, ಅಲ್ವಾ? ಹಿರಿಯರಲ್ಲಿ ಜಾಸ್ತಿ ಕಾಣುವುದೂ ಇದೇ, ಜಾಸ್ತಿ ತಪ್ಪಿಹೋಗುವುದೂ ಇದೇ. ಕೂಗುವ ಸನ್ನಿಗೆ ವಾರ್ಡೆಲ್ಲ ಓಡಿ ಬರುತ್ತದೆ. ಮಲಗಿರುವ ಸನ್ನಿಯನ್ನು ಯಾರೂ ಕೇಳುವುದಿಲ್ಲ.

ಇದೇನು ಅಪರೂಪದ ಕಾಯಿಲೆಯಲ್ಲ. ಹಿರಿಯರಿಗೆ ಆಗುವ ದೊಡ್ಡ ಆಪರೇಷನ್‌ಗಳಲ್ಲಿ ಸುಮಾರು ನೂರಕ್ಕೆ 15ರಿಂದ 25 ಜನರಿಗೆ ಸನ್ನಿ ಬರುತ್ತದೆ. ಐಸಿಯುನಲ್ಲಿ ಇನ್ನೂ ಜಾಸ್ತಿ. ಬಂದವರು ಆಸ್ಪತ್ರೆಯಲ್ಲಿ ಜಾಸ್ತಿ ದಿನ ಉಳಿಯುತ್ತಾರೆ, ಬೀಳುವ ಸಂಭವ ಜಾಸ್ತಿ, ಮನೆಗೆ ಬಂದ ಮೇಲೆ ಮೊದಲಿನಂತೆ ಓಡಾಡುವುದು ತಡವಾಗುತ್ತದೆ. ಕೆಲವರಿಗೆ ಮುಂದೆ ಮರೆವು ಬೇಗ ಏರುತ್ತದೆ. ಆದರೆ ಇದರಲ್ಲಿ ನೂರಕ್ಕೆ 30–40 ಪಾಲನ್ನು ಬಾರದಂತೆ ತಡೆಯಬಹುದು ಎಂದು ತಜ್ಞರು ಹೇಳುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ? ಅದೇ ಆಪರೇಷನ್, ಅದೇ ಡಾಕ್ಟರು, ಒಬ್ಬರು ಮೂರನೇ ದಿನ ಪೇಪರ್ ಓದುತ್ತ ಕೂತಿರುತ್ತಾರೆ, ಇನ್ನೊಬ್ಬರು ಎತ್ತು ಕಟ್ಟಲು ಹೊರಟಿರುತ್ತಾರೆ. ನಾನು ಇದನ್ನು ಚಕ್ಕಡಿಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಗಟ್ಟಿ ಚಕ್ಕಡಿಗೆ ಇಪ್ಪತ್ತು ಚೀಲ ಹೇರಿದರೂ ನಡೆಯುತ್ತದೆ. ಅಚ್ಚು ಸವೆದ ಹಳೆ ಚಕ್ಕಡಿಗೆ ನಾಲ್ಕು ಚೀಲ ಸಾಕು. ಅಚ್ಚು ಎಷ್ಟು ಸವೆದಿದೆ ಎಂಬುದು ಪೇಷಂಟು ಮನೆಯಿಂದಲೇ ತರುವುದು. ಚೀಲ ಹೇರುವುದು ಆಸ್ಪತ್ರೆ. ಅಚ್ಚನ್ನು ರಾತ್ರೋರಾತ್ರಿ ಹೊಸದು ಮಾಡಲಾಗದು, ಆದರೆ ಚೀಲಗಳನ್ನು ಒಂದೊಂದೇ ಇಳಿಸಬಹುದು.

ಮನೆಯಿಂದ ತರುವುದರಲ್ಲಿ ವಯಸ್ಸು ಮೊದಲನೆಯದು. 65 ದಾಟಿದವರಲ್ಲಿ ಎಚ್ಚರ ಬೇಕು, 75 ದಾಟಿದರೆ ಇನ್ನೂ. ಅದಕ್ಕಿಂತ ದೊಡ್ಡದು, ಮೊದಲೇ ಇರುವ ಮರೆವು. ಕೇಳಿದ್ದನ್ನೇ ಕೇಳುವುದು, ಗೊತ್ತಿರುವ ದಾರಿಯಲ್ಲಿ ತಪ್ಪುವುದು ಇಂಥದ್ದೇನಾದರೂ ಇದ್ದರೆ ಸನ್ನಿಯ ಸಂಭವ ಹಲವು ಪಟ್ಟು ಏರುತ್ತದೆ. ನಮ್ಮಲ್ಲಿ ಅದನ್ನು ಡಾಕ್ಟರ ಮುಂದೆ ಯಾರೂ ಬಾಯಿಬಿಡುವುದಿಲ್ಲ, "ವಯಸ್ಸಿಗೆ ಸಹಜ" ಎಂದು ಬಿಡುತ್ತೇವೆ. ಹಿಂದೆ ಯಾವಾಗಲಾದರೂ ಜ್ವರದಲ್ಲೋ ಬೇರೆ ಆಪರೇಷನ್ನಲ್ಲೋ ಹೀಗೆ ಬಡಬಡಿಸಿದ್ದರೆ ಅದನ್ನೂ ಹೇಳಬೇಕು, ಒಮ್ಮೆ ಬಂದವರಿಗೆ ಮತ್ತೆ ಬರುವುದು ಸುಲಭ. ಕಣ್ಣಿಗೆ ಪೊರೆ ಬಂದಿರುವುದು, ಕಿವಿ ಮಂದ ಆಗಿರುವುದು, ಮನಸ್ಸು ಕುಗ್ಗಿರುವುದು, ಕೋಲಿಲ್ಲದೆ ನಡೆಯಲಾಗದಷ್ಟು ಸೊರಗಿರುವುದು ಇವೂ ಇದೇ ಸಾಲಿಗೆ ಸೇರುತ್ತವೆ.

ಕ್ಯಾನ್ಸರ್ ಇದರ ಮೇಲೆ ತನ್ನದೂ ಒಂದಿಷ್ಟು ಸೇರಿಸುತ್ತದೆ. ಕರುಳಿನ ಗಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಜಿನುಗಿ ಹಿಮೋಗ್ಲೋಬಿನ್ ಇಳಿದಿರುತ್ತದೆ. ಅನ್ನನಾಳ, ಜಠರದ ಕ್ಯಾನ್ಸರಿನವರಿಗೆ ತಿಂದದ್ದು ಇಳಿಯುವುದೇ ಇಲ್ಲ. ಧೋತರ ಸಡಿಲವಾಗಿ ಎರಡು ಸುತ್ತು ಜಾಸ್ತಿ ಸುತ್ತಬೇಕಾಗುತ್ತದೆ, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗಿರುತ್ತದೆ. ಕೀಮೋ, ಕರೆಂಟ್ (ರೇಡಿಯೇಷನ್) ಆದವರಾದರೆ ಇನ್ನೂ ನಿತ್ರಾಣ. ಹೀಗೆ ಸೊರಗಿದ ದೇಹದ ಮೇಲೆ ನಾಲ್ಕೈದು ಗಂಟೆಯ ಆಪರೇಷನ್. ಅದಕ್ಕೇ ಆಪರೇಷನ್‌ಗೆ ಎರಡು ಮೂರು ವಾರ ಸಮಯ ಸಿಕ್ಕರೆ ಅದನ್ನು ಜಾತಕ ತೋರಿಸಲಿಕ್ಕೆ ಕಳೆಯದೆ, ಮೊಟ್ಟೆಯೋ ಬೇಳೆಯೋ ಹಾಲೋ, ತಿನ್ನಲು ಆಗುವುದನ್ನು ತಿನ್ನಿಸಿ, ದಿನಾ ಅಂಗಳದಲ್ಲಾದರೂ ನಡೆಸಿ. ರಕ್ತ ಕಡಿಮೆ ಇದ್ದರೆ ಕಬ್ಬಿಣಾಂಶದ ಬಗ್ಗೆ ಆಗಲೇ ಕೇಳಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ದಾಖಲಾಗುವಾಗ "ಯಾವ ಗುಳಿಗಿ ತಗೋತಾರು?" ಎಂದು ಕೇಳಿದರು. ನಾನೇ ಮುಂದೆ ಬಿದ್ದು, ಮೆಡಿಕಲ್ ಶಾಪಿನವನು ಎಂಬ ಠೀವಿಯಲ್ಲಿ, "ಬಿಪಿದು ಒಂದ ರೀ" ಎಂದು ಬರೆಸಿದ್ದೆ. ಶುಕ್ರವಾರ ಬೆಳಿಗ್ಗೆ ಕಾಕು ಬ್ಯಾಗಿನಿಂದ ಕಾಕಾರ ಎಲೆಅಡಿಕೆ ಸಂಚಿ ತೆಗೆದರು. ಅಡಿಕೆ ಹೋಳು, ಸುಣ್ಣದ ಡಬ್ಬಿ, ಒಣಗಿದ ಎರಡು ಎಲೆ, ತಂಬಾಕಿನ ಚೀಟಿ, ಅದರ ಕೆಳಗೆ ಮಡಚಿ ಮಡಚಿ ಹಾಳೆಯಂತಾದ ಒಂದು ಗುಳಿಗೆ ಪಟ್ಟಿ. ಹಿಂದೆ ತಿರುಗಿಸಿ ಓದಿದೆ, ಆಲ್ಪ್ರಾಜೋಲಾಮ್. ಆರು ವರ್ಷದಿಂದ ದಿನಾ ರಾತ್ರಿ ಅರ್ಧ ಗುಳಿಗೆ! "ಮತ್ಯಾಕ ಹೇಳ್ಲಿಲ್ಲ ಕಾಕೂ?" ಎಂದರೆ, "ಅದೇನ್ ಔಷಧಾ ಏನೋ, ನಿದ್ದಿ ಗುಳಿಗಿ" ಎಂದರು.

ಅವರ ಮಾತಲ್ಲಿ ತಪ್ಪೇನಿಲ್ಲ. ನನ್ನ ಕೌಂಟರಿನಲ್ಲೂ ದಿನಾ ಇದನ್ನೇ ಕೇಳುತ್ತೇನೆ. ಬಿಪಿ, ಶುಗರ್ ಮಾತ್ರ ಔಷಧ. ನಿದ್ದೆ ಗುಳಿಗೆ, ಗ್ಯಾಸ್ ಗುಳಿಗೆ, ಮೊಣಕಾಲು ನೋವಿನದ್ದು, ಊರ ವೈದ್ಯರ ಪುಡಿ ಯಾವುದೂ ಔಷಧವಲ್ಲ. ಆದರೆ ಈ ಜಾತಿಯ ನಿದ್ದೆ ಗುಳಿಗೆ ಎರಡೂ ಕಡೆ ಕೊಯ್ಯುತ್ತದೆ. ಹಿರಿಯರಿಗೆ ಹೊಸದಾಗಿ ಕೊಟ್ಟರೆ ಅದರಿಂದಲೇ ಸನ್ನಿ ಬರಬಹುದು. ವರ್ಷಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೂ ಬರಬಹುದು. ಕಾಕಾ ಕೊನೆಯ ಗುಳಿಗೆ ನುಂಗಿದ್ದು ದಾಖಲಾಗುವ ಹಿಂದಿನ ದಿನ, ಐತವಾರ ರಾತ್ರಿ. ತಂಬಾಕು ಬಿಟ್ಟದ್ದೂ ಆವತ್ತೇ, ಅದರ ಚಡಪಡಿಕೆಯೂ ಇದ್ದಿರಬೇಕು.

ಕುಡಿತದ್ದೂ ಇದೇ ಕಥೆ, ಇನ್ನೂ ಅಪಾಯದ್ದು. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲು ಕೈ ನಡುಗುತ್ತದೆ, ಬೆವರುತ್ತದೆ. ತೀವ್ರವಾದ ಸನ್ನಿ ಸಾಮಾನ್ಯವಾಗಿ ಕೊನೆಯ ಗುಟುಕಿನಿಂದ 48ರಿಂದ 96 ಗಂಟೆಯೊಳಗೆ ಬರುತ್ತದೆ, ಅಂದರೆ ಸರಿಯಾಗಿ ಆಪರೇಷನ್ ಆದ ಮೇಲಿನ ದಿನಗಳಲ್ಲಿ. ಇದಕ್ಕೆ ಚಿಕಿತ್ಸೆಯೇ ಬೇರೆ, ಜೀವಕ್ಕೂ ಕುತ್ತು ಬರಬಹುದು. "ಒಂದ ಕ್ವಾರ್ಟರ್ ಅಷ್ಟ, ಅದೂ ಊಟಕ್ಕ ಮುಂಚೆ" ಎನ್ನುವುದನ್ನು ಹೆಂಡತಿ ಮಕ್ಕಳ ಮುಂದೆ ಹೇಳಲು ನಾಚಿಕೆಯಾದರೆ ಡಾಕ್ಟರನ್ನು ಹೊರಗೆ ಕರೆದು ಹೇಳಿ. ಆದರೆ ಹೇಳಿ.

ಆಸ್ಪತ್ರೆಯ ಚೀಲಗಳ ಬಗ್ಗೆ ಹೇಳಬೇಕೆಂದರೆ, ಎಲ್ಲರೂ ಮೊದಲು ಬೈಯುವುದು ಅನಸ್ತೇಷಿಯಾವನ್ನು. "ಡೋಸ್ ಜಾಸ್ತಿ ಆಗೇತಿ" ಎಂಬುದು ನಮ್ಮಲ್ಲಿ ಸಾರ್ವತ್ರಿಕ ತೀರ್ಪು. ಅದು ಅಷ್ಟು ಸರಳವಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟದ ಮೂಳೆ ಮುರಿದ 1600 ಜನರಲ್ಲಿ ಅರ್ಧ ಜನರಿಗೆ ಪೂರ್ತಿ ಮಂಪರು, ಅರ್ಧ ಜನರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ನೋಡಿದರು. ಸನ್ನಿ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ, ಐವರಲ್ಲಿ ಒಬ್ಬರಿಗೆ. ಅವರು ಕ್ಯಾನ್ಸರ್ ಪೇಷಂಟುಗಳಲ್ಲ, ನಿಜ. ಆದರೂ ತಪ್ಪನ್ನೆಲ್ಲ ಮಂಪರಿನ ತಲೆಗೆ ಕಟ್ಟಲಾಗದು ಎಂಬುದಕ್ಕೆ ಇಷ್ಟು ಸಾಕು.

ಜಾಸ್ತಿ ಭಾರ ಇರುವುದು ಆಪರೇಷನ್ನಿನ ಪೆಟ್ಟಿನಲ್ಲೇ. ಹೊಟ್ಟೆ ತೆರೆದು ಕರುಳು ಕತ್ತರಿಸಿ ಜೋಡಿಸಿದಾಗ ಇಡೀ ದೇಹ ಉರಿಯೂತದ ಸ್ಥಿತಿಗೆ ಹೋಗುತ್ತದೆ. ಗಾಯ ಇರುವುದು ಹೊಟ್ಟೆಯಲ್ಲಿ, ಆದರೆ ಅಲ್ಲಿಂದ ಹೊರಟ ರಾಸಾಯನಿಕಗಳು ರಕ್ತದಲ್ಲಿ ಸುತ್ತಿ ಮೆದುಳಿನ ಕಾವಲು ಕೋಶಗಳನ್ನೂ ಕೆರಳಿಸುತ್ತವೆ. ಗಮನ ಹಿಡಿದಿಡಲು ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವೂ ಕುಂದುತ್ತದೆ. ಆಪರೇಷನ್ ಉದ್ದವಾದಷ್ಟು, ರಕ್ತ ಹೋದಷ್ಟು, ತುರ್ತಾಗಿ ಮಾಡಬೇಕಾಗಿ ಬಂದಷ್ಟು, ಐಸಿಯುನಲ್ಲಿ ಉಳಿದಷ್ಟು ಅಪಾಯ ಏರುತ್ತದೆ.

ಆಮೇಲೆ ವಾರ್ಡಿನ ಸಣ್ಣ ಸಣ್ಣ ಚೀಲಗಳು. ಒಂದೊಂದೂ ಸಣ್ಣದು, ಆದರೆ ಕಾಕಾರ ಮೇಲೆ ಎಷ್ಟು ಹೇರಿದ್ದೆವು ನೋಡಿ. ಓಟಿಗೆ ಒಯ್ಯುವಾಗ ಚಷ್ಮಾ, ಕಿವಿ ಮಷಿನ್, ಹಲ್ಲಿನ ಸೆಟ್ ಬಿಚ್ಚಿಸಿ ಕೊಟ್ಟರು, ನಾವು ಜೋಪಾನವಾಗಿ ಬ್ಯಾಗಿನ ತಳಕ್ಕೆ ಹಾಕಿದೆವು, ಮೂರು ದಿನ ಅಲ್ಲೇ ಇದ್ದವು. ಕಣ್ಣು ಕಾಣದ, ಕಿವಿ ಕೇಳದ ಮನುಷ್ಯನಿಗೆ ಬಿಳಿ ಕೋಟಿನವರು ಬಂದು ಏನೋ ಮಾಡಿ ಹೋದರೆ ಅವನು ಏನೆಂದುಕೊಳ್ಳಬೇಕು? ಐಸಿಯುನಲ್ಲಿ ಒಂದು ರಾತ್ರಿ ಲೈಟು ಆರಿರಲಿಲ್ಲ, ಮಷಿನ್ ಕೂಗುತ್ತಲೇ ಇತ್ತು. ಮೂತ್ರದ ಪೈಪು ಇತ್ತು. ಗುರುವಾರ ಮಧ್ಯಾಹ್ನ ರಕ್ತ ಏರಿಸುವಾಗ ಮೈ ತುರಿಸಿತು ಎಂದು ಅವಿಲ್ ಇಂಜೆಕ್ಷನ್ ಕೊಟ್ಟರು. ಅದರಲ್ಲಿರುವ ಫೆನಿರಮೈನ್ ಹಳೆಯ ಕಾಲದ ಅಲರ್ಜಿ ಔಷಧ, ನಾನು ದಿನಾ ಮಾರುವಂಥದ್ದು. ಅದು ಈ ಅಸಿಟೈಲ್‌ಕೋಲಿನ್ ಕೆಲಸವನ್ನೇ ತಡೆಯುತ್ತದೆ, ಅದಕ್ಕೆ ಹಿರಿಯರಿಗೆ ಆದಷ್ಟು ಬೇಡ ಎನ್ನುತ್ತಾರೆ. ರಾತ್ರಿ ಪೈಪು ಕಿತ್ತರು ಎಂದು ಬ್ಯಾಂಡೇಜಿನಿಂದ ಎರಡೂ ಕೈ ಮಂಚಕ್ಕೆ ಕಟ್ಟಿದರು. ಹಾಗೆ ಕಟ್ಟಿದ ಮೇಲೆ ಕೂಗು ಇನ್ನೂ ಜಾಸ್ತಿಯಾಯಿತು. 1996ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿ ಸನ್ನಿ ತರುವ ಐದು ಮುಖ್ಯ ಕಾರಣ ಪಟ್ಟಿ ಮಾಡಿದ್ದಾರೆ. ಕೈಕಾಲು ಕಟ್ಟುವುದು, ಪೋಷಣೆ ಇಲ್ಲದಿರುವುದು, ಮೂರಕ್ಕಿಂತ ಜಾಸ್ತಿ ಹೊಸ ಔಷಧ ಸೇರಿಸುವುದು, ಮೂತ್ರದ ಪೈಪು, ಚಿಕಿತ್ಸೆಯಿಂದಲೇ ಆಗುವ ಯಾವುದಾದರೂ ತೊಂದರೆ. ಓದುವಾಗ ಕಾಕಾರ ಕೇಸ್ ಪೇಪರ್ ಓದಿದ ಹಾಗಿತ್ತು.

ಶುಕ್ರವಾರ ರಕ್ತ ಪರೀಕ್ಷೆಯಲ್ಲಿ ಸೋಡಿಯಂ 126 ಬಂತು. 135ರಿಂದ 145 ಇರಬೇಕು. ಅವರ ಬಿಪಿ ಗುಳಿಗೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂಬ ನೀರಿಳಿಸುವ ಔಷಧ ಇತ್ತು, ಅದು ಹಿರಿಯರಲ್ಲಿ ಸೋಡಿಯಂ ಇಳಿಸುವುದಕ್ಕೆ ಹೆಸರುವಾಸಿ. ಜೊತೆಗೆ ಮಲ ಹೊರಹೋಗಲೆಂದು ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಕೂರಿಸಿದ್ದ ಚೀಲದಿಂದ ನೀರು, ಉಪ್ಪು ಎರಡೂ ಹೋಗುತ್ತಿತ್ತು. ಇನ್ನು ನೋವು. ಕಾಕಾ ಕೇಳಿದವರಿಗೆಲ್ಲ "ಆರಾಮ" ಎನ್ನುತ್ತಿದ್ದರು, ಆದರೆ ಮಗ್ಗುಲಾಗುವಾಗ ಹಲ್ಲು ಕಚ್ಚುತ್ತಿದ್ದರು. ನೋವಿನ ಔಷಧ ಮೆದುಳಿಗೆ ಕೆಟ್ಟದ್ದು ಎಂದು ಬೇಡ ಎನ್ನುವವರಿದ್ದಾರೆ. ಪೆಥಿಡಿನ್‌ನಂಥ ಕೆಲವು ಹಿರಿಯರಿಗೆ ಒಳ್ಳೆಯದಲ್ಲ, ಸರಿ. ಆದರೆ ಸಹಿಸಿಕೊಂಡ ನೋವೂ ಸನ್ನಿ ತರುತ್ತದೆ. ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಬೇಕಾದಲ್ಲಿ ಸಣ್ಣ ಪ್ರಮಾಣದಲ್ಲಿ ಬಲವಾದದ್ದು, ಹೀಗೆ ಕೊಡುತ್ತಾರೆ. ಮಲಬದ್ಧತೆ, ಮೂತ್ರ ಕಟ್ಟುವುದು ಇವೂ ಸಾಕು. ಆಪರೇಷನ್ ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಕೊಡದೆ ಮಧ್ಯಾಹ್ನದವರೆಗೆ ಒಣಗಿಸುವುದೂ ಹಾಗೇ. ಬಹಳ ಪೇಷಂಟುಗಳಿಗೆ ಬರೀ ನೀರನ್ನು ಎರಡು ಗಂಟೆ ಮುಂಚಿನವರೆಗೆ ಕೊಡಬಹುದು. ನಿಮ್ಮವರಿಗೆ ನಡೆಯುತ್ತದಾ ಎಂದು ಅನಸ್ತೇಷಿಯಾ ಡಾಕ್ಟರನ್ನೇ ಕೇಳಿ, ನೀವಾಗಿ ಕುಡಿಸಬೇಡಿ.

ನಮ್ಮ ಕಡೆ ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಜಾಸ್ತಿ. ದವಡೆ ತೆಗೆದು ಎದೆಯ ಅಥವಾ ತೊಡೆಯ ಮಾಂಸ ತಂದು ಜೋಡಿಸುವ ಆ ಆಪರೇಷನ್ ಕೆಲವೊಮ್ಮೆ ಇಡೀ ದಿನ ನಡೆಯುತ್ತದೆ, ಗಂಟಲಿಗೆ ತೂತು ಮಾಡಿ ಉಸಿರಿನ ಪೈಪು ಹಾಕಿರುತ್ತಾರೆ. ಅಂಥವರು ಬಡಬಡಿಸಲಾರರು, ಮಾತೇ ಹೊರಡುವುದಿಲ್ಲ. ಸನ್ನಿ ಗೊತ್ತಾಗುವುದು ಅವರು ಪೈಪಿಗೆ ಕೈಹಾಕಿದಾಗಲೇ. ಒಂದು ಪಾಟಿ, ಒಂದು ಬಳಪ ಮಂಚದ ಹತ್ತಿರ ಇಡಿ. ಬರೆಯಲು ಬಾರದವರಿಗೆ ನೀರು, ನೋವು, ಸಂಡಾಸದ ಚಿತ್ರ ಬರೆದಿಟ್ಟು ಬೆರಳಿಡಿಸಿ.

ಸನ್ನಿ ಬಂತು, ಈಗೇನು? ಮೊದಲ ಮಾತು, ಅದು ಬೇರೆ ಯಾವುದೋ ತೊಂದರೆಯ ಕೂಗು ಎಂದು ತಿಳಿಯಿರಿ. ಹಿರಿಯರಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ಕರುಳಿನ ಹೊಲಿಗೆ ಸೋರುತ್ತಿದ್ದರೂ, ಶ್ವಾಸಕೋಶಕ್ಕೆ ನಂಜಾಗಿದ್ದರೂ ಮೊದಲು ಕಾಣುವುದು ಸನ್ನಿಯೇ ಇರಬಹುದು. ಆಕ್ಸಿಜನ್, ಶುಗರ್, ಸೋಡಿಯಂ, ಮೂತ್ರದ ನಂಜು, ಹೃದಯ, ಕೊಟ್ಟ ಔಷಧಗಳ ಪಟ್ಟಿ ಎಲ್ಲವನ್ನೂ ಡಾಕ್ಟರು ನೋಡಬೇಕು. "ಒಂದ್ ನಿದ್ದಿ ಇಂಜೆಕ್ಷನ್ ಹಾಕ್ರಿ, ಮಲಗಲಿ" ಎಂದು ಮನೆಯವರೇ ಜೋರು ಮಾಡುತ್ತಾರೆ, ನಾನೂ ಮಾಡಿದೆ. ಅದು ಕೂಗು ನಿಲ್ಲಿಸುತ್ತದೆ, ಸನ್ನಿಯನ್ನಲ್ಲ. ಪೈಪು ಕೀಳುವಷ್ಟು, ಬೀಳುವಷ್ಟು ಅಪಾಯ ಇದ್ದಾಗ ಮಾತ್ರ ಹ್ಯಾಲೋಪೆರಿಡಾಲ್‌ನಂಥ ಶಾಂತಗೊಳಿಸುವ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಸನ್ನಿಗೆ ಮದ್ದು ಅಂತ ಒಂದು ಗುಳಿಗೆ ಇಲ್ಲ. ಇದನ್ನು ಮೆಡಿಕಲ್ ಶಾಪಿನವನಾದ ನಾನೇ ಹೇಳುತ್ತಿದ್ದೇನೆ.

ಕೆಲಸ ಮಾಡುವುದು ಗುಳಿಗೆಯಲ್ಲದ ಸಂಗತಿಗಳು. 1999ರಲ್ಲಿ ಅದೇ ಡಾ. ಇನೊಯ್ ತಂಡ 70 ದಾಟಿದ 852 ಒಳರೋಗಿಗಳಲ್ಲಿ ಇದನ್ನು ನೋಡಿತು. ಆಪರೇಷನ್ ಪೇಷಂಟುಗಳಲ್ಲ, ಸಾಮಾನ್ಯ ಕಾಯಿಲೆಯವರು. ದಿನಾ ಹೋಗಿ ಇವತ್ತು ಯಾವ ವಾರ, ಎಲ್ಲಿದ್ದೀರಿ ಎಂದು ಹೇಳುವುದು, ಚಷ್ಮಾ, ಕಿವಿ ಮಷಿನ್ ಹಾಕಿಸುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ರಾತ್ರಿ ಗುಳಿಗೆ ಬದಲು ಬಿಸಿ ಹಾಲು ಕೊಟ್ಟು ಬೆನ್ನು ತಿಕ್ಕುವುದು. ಇಷ್ಟೇ! ಇವರಲ್ಲಿ ಸನ್ನಿ ಬಂದದ್ದು ನೂರಕ್ಕೆ 9.9 ಜನರಿಗೆ, ಉಳಿದ ವಾರ್ಡಿನಲ್ಲಿ 15. ಅಲ್ಲಿ ಇದಕ್ಕೆ ಸ್ವಯಂಸೇವಕರನ್ನು ತರಬೇತಿ ಕೊಟ್ಟು ತಯಾರು ಮಾಡುತ್ತಾರೆ. ನಮ್ಮಲ್ಲಿ ಒಬ್ಬ ಪೇಷಂಟಿಗೆ ಐದು ಜನ ಬಂದು ಕಾರಿಡಾರಿನಲ್ಲಿ ಚಾಪೆ ಹಾಸಿರುತ್ತಾರೆ. ಮಂದಿಗೇನೂ ಕೊರತೆ ಇಲ್ಲ, ಏನು ಮಾಡಬೇಕೆಂದು ಗೊತ್ತಿಲ್ಲ ಅಷ್ಟೇ.

ಏನು ಮಾಡಬಾರದು ಎಂಬುದಂತೂ ಇನ್ನೂ ಗೊತ್ತಿಲ್ಲ. ಸಂಜೆ ಐದಾದರೆ ಊರಿಂದ ಟ್ರ್ಯಾಕ್ಸ್ ತುಂಬಿಕೊಂಡು ಬಂದವರು ಒಬ್ಬೊಬ್ಬರೇ ಮಂಚದ ಹತ್ತಿರ ಬಾಗಿ, "ಗುರ್ತು ಸಿಕ್ತೇನ್ರಿ? ನಾ ಯಾರ ಹೇಳ್ರಿ ನೋಡೂಣು?" ಎಂದು ಪರೀಕ್ಷೆ ಮಾಡಿದರು. ಎಂಟನೆಯವರ ಹೊತ್ತಿಗೆ ಕಾಕಾ ಗೋಡೆಗೆ ಮುಖ ತಿರುಗಿಸಿಬಿಟ್ಟರು. ಕೇಳಬೇಡಿ, ಹೇಳಿ. "ಕಾಕಾ, ನಾ ಗದಗಿಂದ ಬಂದೀನಿ. ಇದು ಹುಬ್ಬಳ್ಳಿ ದವಾಖಾನಿ. ಇವತ್ತ ಶನಿವಾರ, ಆಪರೇಷನ್ ಆಗಿ ನಾಕ್ ದಿನ ಆತು, ಎಲ್ಲಾ ಸರಿ ಐತಿ." ಮಳೆ ಬಂತು ಎಂದರೆ ಇಲ್ಲ ಎಂದು ಜಗಳ ಮಾಡುವುದೂ ಬೇಡ, ಇಲ್ಲದ ತಾಡಪತ್ರಿ ಹೊದಿಸುವುದೂ ಬೇಡ. ನಾನು "ಮೆಣಸಿನಕಾಯಿ ಆಗಲೇ ಮನಿಯೊಳಗ ಅದಾವ" ಎಂದೆ. ಅದು ಸುಳ್ಳಲ್ಲ, ನನ್ನ ತಮ್ಮ ಬುಧವಾರವೇ ತುಂಬಿಸಿದ್ದ. ಕಾಕಾ ಸ್ವಲ್ಪ ಹೊತ್ತು ನನ್ನನ್ನು ನೋಡಿ ಕೈ ಇಳಿಸಿದರು.

ಶುಕ್ರವಾರದಿಂದ ಚೀಲಗಳು ಇಳಿದವು. ಕೈ ಬಿಚ್ಚಿದರು, ಒಬ್ಬರು ಯಾವಾಗಲೂ ಪಕ್ಕದಲ್ಲಿ ಇರಬೇಕು ಎಂಬ ಶರತ್ತಿನ ಮೇಲೆ. ಮೂತ್ರದ ಪೈಪು ತೆಗೆದರು. ಅವಿಲ್ ನಿಂತಿತು, ನಿದ್ದೆ ಗುಳಿಗೆ ಮತ್ತೆ ಶುರುವಾಯಿತು, ಅದನ್ನು ಊರಿಗೆ ಹೋದ ಮೇಲೆ ವಾರಗಟ್ಟಲೆ ತಗೊಂಡು ನಿಧಾನವಾಗಿ ಬಿಡಿಸಿದರು. ಬಿಪಿ ಗುಳಿಗೆ ಬದಲಾಯಿತು, ಸೋಡಿಯಂ ಎರಡು ಮೂರು ದಿನದಲ್ಲಿ ಮೇಲೆ ಬಂತು (ಗಡಿಬಿಡಿಯಲ್ಲಿ ಏರಿಸಿದರೆ ಮೆದುಳಿಗೆ ಪೆಟ್ಟಂತೆ, ಅದಕ್ಕೇ ನಿಧಾನ). ಸೋಮವಾರ ಬೆಳಿಗ್ಗೆ ಚಷ್ಮಾ ಹಾಕಿಕೊಂಡು ಕೂತು, ದವಾಖಾನೆ ಬಿಲ್ ಎಷ್ಟಾಯಿತು ಎಂದು ಕೇಳಿದರು. ಕಾಕು ಅತ್ತೇ ಬಿಟ್ಟರು.

ಎಲ್ಲರಿಗೂ ನಾಲ್ಕೇ ದಿನದಲ್ಲಿ ಹೋಗುವುದಿಲ್ಲ. ಕೆಲವರಿಗೆ ವಾರಗಟ್ಟಲೆ ಮಂಕು ಉಳಿಯುತ್ತದೆ. ಡಿಸ್ಚಾರ್ಜ್ ಆಗಿ ತಿಂಗಳಾದರೂ ಗೊಂದಲ ಹೋಗದಿದ್ದರೆ, ದಿನೇ ದಿನೇ ಏರಿದರೆ, ತೋರಿಸಲೇಬೇಕು. ನಮ್ಮ ಭಾಗಕ್ಕೆ ಧಾರವಾಡದ ಡಿಮ್ಹಾನ್ಸ್ ಇದೆ, ಮನಸ್ಸು ಮತ್ತು ನರಗಳ ಕಾಯಿಲೆಯ ಆಸ್ಪತ್ರೆ. ಹೌದು, ಅದೇ ಧಾರವಾಡ. ನಾಚಿಕೆ ಪಡುವಂಥದ್ದೇನೂ ಇಲ್ಲ, ಮರೆವಿನ ಕಾಯಿಲೆ ಇದೆಯೋ ಇಲ್ಲವೋ ಎಂದು ಅಲ್ಲಿ ಕೂತು ನೋಡುತ್ತಾರೆ.

ಜೂನಿನಲ್ಲಿ ಕಾಕಾರ ಎರಡನೇ ಆಪರೇಷನ್ ಇತ್ತು, ಹೊಟ್ಟೆಯ ಚೀಲ ತೆಗೆದು ಕರುಳು ಒಳಗೆ ಕೂರಿಸುವುದು. ಮೊದಲಿನಷ್ಟು ದೊಡ್ಡದಲ್ಲ, ಆದರೆ ಒಮ್ಮೆ ಸನ್ನಿ ಬಂದ ಮನುಷ್ಯ. ಈ ಸಲ ದಾಖಲಾಗುವಾಗಲೇ ಒಂದು ಹಾಳೆ ಬರೆದುಕೊಂಡು ಹೋಗಿದ್ದೆ, ಫೈಲಿನ ಮೊದಲ ಪುಟಕ್ಕೆ ಪಿನ್ ಹೊಡೆಸಿದೆ. ಫೆಬ್ರವರಿಯಲ್ಲಿ ಸನ್ನಿ ಬಂದಿತ್ತು, ನಾಲ್ಕು ದಿನ. ಸೋಡಿಯಂ 126 ಆಗಿತ್ತು. ಆಲ್ಪ್ರಾಜೋಲಾಮ್ ಏಪ್ರಿಲ್‌ನಲ್ಲಿ ಬಿಟ್ಟಿದೆ. ಅವಿಲ್ ಬೇಡ. ಎಡಗಿವಿಗೆ ಮಷಿನ್, ಬಲಗಡೆಯಿಂದ ಮಾತಾಡಿದರೆ ಕೇಳಿಸದು. ನೋವಿದ್ದರೂ ಆರಾಮ ಅನ್ನುತ್ತಾರೆ, ಮುಖ ನೋಡಿ. ಅನಸ್ತೇಷಿಯಾ ಡಾಕ್ಟರು ನಿಂತುಕೊಂಡೇ ಎರಡು ಸಲ ಓದಿ, ಕೊನೆಯ ಸಾಲಿಗೆ ನಕ್ಕು, ಕೆಳಗೆ ಗೆರೆ ಎಳೆದರು. ಓಟಿಯಿಂದ ಹೊರಗೆ ಬಂದ ಅರ್ಧ ಗಂಟೆಗೆ ಚಷ್ಮಾ ಮೂಗಿನ ಮೇಲಿತ್ತು. ಸಿಸ್ಟರನ್ನು ಕೇಳಿ ಕಿಟಕಿ ಪಕ್ಕದ ಮಂಚ ತೆಗೆದುಕೊಂಡೆವು. ನೋಡಲು ಬರುವವರಿಗೆ ನಾನೇ ಫೋನ್ ಮಾಡಿ ಒಂದು ವಾರ ಬಿಟ್ಟು ಬರ್ರಿ ಎಂದೆ, ಇಬ್ಬರು ಸಿಟ್ಟಾದರು.

ಎರಡನೇ ದಿನ ಸಂಜೆ ಆರೂವರೆ ಹೊತ್ತಿಗೆ ಕಾಕಾ ಒಮ್ಮೆಲೇ "ಮಳಿ ಬಂತಲ್ಲೋ ತಮ್ಮಾ" ಎಂದರು. ನನ್ನ ಎದೆ ಧಸಕ್ಕೆಂದಿತು. ಕಾಕು ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಎದ್ದು ಕಿಟಕಿ ಹತ್ತಿರ ಹೋಗಿ ನೋಡಿದೆ. ಎದುರಿನ ರಸ್ತೆಯಲ್ಲಿ ಜನ ತಲೆಗೆ ಚೀಲ ಹಿಡಿದು ಓಡುತ್ತಿದ್ದರು, ಶೆಡ್ಡಿನ ತಗಡಿನ ಮೇಲೆ ಹನಿ ಬಾರಿಸುತ್ತಿತ್ತು.

"ಹೌದ್ರಿ ಕಾಕಾ, ಬಂತು."

"ಹಂಗಾರ ಬೀಜಾ ತಂದಿಟ್ಟಾನೇನು ಅಂವಾ, ಕೇಳು ಫೋನ್ ಮಾಡಿ."